ಅಕ್ಕೋರ ಕ್ಲಾಸಿನ ಎಂಟು ಲ್ಯಾಪ್‌ಟಾಪು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವವರಿಗೆ ಅನುಕೂಲ. ರೈಲು ತಡವಾದರೆ ಬರುತ್ತದೆ. ಚಹಾ ಕೇಳಿದರೆ ಬಿಸಿನೀರಿನ ಲೋಟ, ಪಕ್ಕದಲ್ಲಿ ದಾರ ಕಟ್ಟಿದ ಪುಡಿಚೀಲ ತಂದಿಟ್ಟು ಇದೇ ಚಹಾ ಎಂದರೆ ಬರುತ್ತದೆ. ಯಾರಾದರೂ ನಾನು ವಿಂಡೋಸಿನ ಬದಲು ಕಂಪ್ಯೂಟರಿಗೆ ಹಾಕುವ ಲಿನಕ್ಸ್ ಬಗ್ಗೆ ಹಗುರವಾಗಿ ಮಾತಾಡಿದರಂತೂ ನೆತ್ತಿಗೇರುತ್ತದೆ. ಆ ವರ್ಷ ಬೇಸಿಗೆ ರಜೆಗೆ ಮುಂಚೆ ನೆದರ್ಲೆಂಡ್ಸಿನ ನಮ್ಮ ಊರಾದ ಬೆಸ್ಟ್‌ನಲ್ಲಿ ನಡೆದದ್ದು ಈ ಮೂರನೆಯ ಸಿಟ್ಟಿನ ಸಂಗತಿ. ಈಗ ಅದನ್ನು ನೆನೆಸಿಕೊಂಡು ಸೈಕಲ್ ಮೇಲೆ ಒಬ್ಬಳೇ ನಗುತ್ತೇನೆ. ಎದುರಿಗೆ ಬರುವವರು ತಮ್ಮನ್ನು ನೋಡಿಯೇ ನಕ್ಕೆನೆಂದು ತಿಳಿದು ಕೈ ಎತ್ತುತ್ತಾರೆ.

ನಾನು ಹುಬ್ಬಳ್ಳಿಯವಳು. ಕಂಪನಿಗಳ ಅನುಮತಿ ಪಡೆದು ಅವರ ಕಂಪ್ಯೂಟರುಗಳೊಳಗೆ ನುಗ್ಗಲು ನೋಡುವುದು, ಎಲ್ಲಿಂದ ನುಗ್ಗಲು ಸಾಧ್ಯವಾಯಿತು ಎಂದು ಅವರಿಗೆ ತಿಳಿಸುವುದು ನನ್ನ ಉದ್ಯೋಗ. ಕಳ್ಳ ಬರುವ ಮೊದಲು ಹಿತ್ತಲ ಬಾಗಿಲನ್ನು ತಳ್ಳಿ ನೋಡುವವಳು ಅನ್ನಿ. ನಮ್ಮ ಅವ್ವ ಮಾತ್ರ ಊರಲ್ಲಿ ಕೇಳಿದವರಿಗೆಲ್ಲ "ನಮ್ಮಾಕಿ ಅಲ್ಲಿ ಕೀಲಿ ಮುರಿಯೋ ಕೆಲಸ ಮಾಡ್ತಾಳ, ಪರ್ಮಿಟ್ ಐತಿ" ಎಂದು ಹೆಮ್ಮೆಯಿಂದ ಹೇಳುತ್ತಾಳೆ. ತಿದ್ದಿ ತಿದ್ದಿ ನನಗೆ ಸಾಕಾಗಿ ಬಿಟ್ಟುಬಿಟ್ಟಿದ್ದೇನೆ.

ಆಗ ನಮ್ಮ ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ನಾನೂ ನನ್ನ ಗಂಡನೂ ಅವಳನ್ನು ಕನ್ನಡದಲ್ಲೇ ಕೇಳುತ್ತಿದ್ದೆವು, ಅವಳು ಡಚ್‌ನಲ್ಲೇ ಉತ್ತರಿಸುತ್ತಿದ್ದಳು. "ಊಟ ಮಾಡ್ತಿಯೇನ?" ಅಂದರೆ "ಯಾ." "ಅಜ್ಜಿ ಜೋಡಿ ಮಾತಾಡ್ತಿಯೇನ?" ಅಂದರೆ "ಗೇನ್ ಝಿನ್." ಮನಸ್ಸಿಲ್ಲ ಎಂದರ್ಥ. ಕನ್ನಡ ಅರ್ಥವಾಗದೆ ಅಲ್ಲ, ನಾನೂ ಗಂಡನೂ ಗುಟ್ಟಾಗಿ ಆಡಿಕೊಳ್ಳುವ ಮಾತು ಕೂಡ ಅವಳಿಗೆ ಅರ್ಥವಾಗುತ್ತಿತ್ತು. ಬಾಯಿಂದ ಮಾತ್ರ ಬರುತ್ತಿರಲಿಲ್ಲ. ಫೋನಿನ ಆ ಕಡೆಯಿಂದ ಅವ್ವ "ಏನಂತ ಕೂಸು?" ಎಂದು ಕೇಳಿದಾಗ ನಾನೇ ಅನುವಾದ ಮಾಡಿ, ಅವಳು ಹೇಳದ ಎರಡು ಸಿಹಿ ಮಾತನ್ನೂ ಸೇರಿಸಿ ಹೇಳುತ್ತಿದ್ದೆ. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ದಬದಬನೆ ಇಡುತ್ತಿದ್ದೆ.

ನನಗಿದ್ದ ಒಂದೇ ಆಸೆ ಅಕ್ಕೋರ ಕ್ಲಾಸು. ನಮ್ಮ ಕಡೆ ಶಾಲೆಯ ಹೆಣ್ಣು ಶಿಕ್ಷಕರಿಗೆ ಅಕ್ಕೋರು ಎನ್ನುತ್ತಾರೆ. ಇವರು ಗದಗಿನಲ್ಲಿ ಹೈಸ್ಕೂಲು ಕಲಿಸಿ ನಿವೃತ್ತರಾಗಿ, ಬೆಸ್ಟ್‌ನಲ್ಲಿರುವ ಮಗಳ ಮನೆಗೆ ಬಂದು ನೆಲೆಸಿದವರು. ಕೈ ಕಟ್ಟಿ ಕೂರುವ ಜೀವವಲ್ಲ. ಬಡಾವಣೆಯ ಸಮುದಾಯ ಭವನದಲ್ಲಿ ಭಾನುವಾರ ಬೆಳಗ್ಗೆ ಒಂದು ಕೋಣೆ ಕೇಳಿ ಪಡೆದು ಕನ್ನಡ ಕಲಿಸತೊಡಗಿದ್ದರು. ಮೊದಮೊದಲು ಕೋಣೆ ತುಂಬಿರುತ್ತಿತ್ತು. ಆಮೇಲೆ ಒಬ್ಬನಿಗೆ ಫುಟ್‌ಬಾಲ್, ಒಬ್ಬಳಿಗೆ ಈಜು, ಇನ್ನೊಬ್ಬನಿಗೆ ಬರೀ ನಿದ್ದೆ. ನನ್ನ ಮಗಳನ್ನು ನಾನು ಹೆಚ್ಚುಕಡಿಮೆ ಎಳೆದುಕೊಂಡೇ ಹೋಗುತ್ತಿದ್ದೆ. ಹೀಗೇ ಆದರೆ ರಜೆ ಕಳೆದ ಮೇಲೆ ಕ್ಲಾಸು ಇರುವುದಿಲ್ಲ ಎಂದು ಅಕ್ಕೋರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗ ಅಕ್ಕೋರಿಗೆ ಹೊಳೆದದ್ದು ಮಕ್ಕಳ ರೇಡಿಯೋ. ಪ್ರತಿ ಮಗುವೂ ತನ್ನ ವಾರದ ಸುದ್ದಿಯನ್ನು ಕನ್ನಡದಲ್ಲಿ ಟೈಪ್ ಮಾಡಿ, ಓದಿ, ರೆಕಾರ್ಡ್ ಮಾಡಿ ಊರಿನ ಅಜ್ಜ ಅಜ್ಜಿಗೆ ಕಳಿಸಬೇಕು. ಇದನ್ನು ಕೇಳಿದ ದಿನ ನನ್ನ ಮಗಳು ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಮೈಕಿನ ಮುಂದೆ ಕೂರುವವಳು ತಾನೇ ಎಂದು ಡಚ್‌ನಲ್ಲಿ ಸಾರಿದಳು. ಡಚ್‌ನಲ್ಲೇ ಆಗಲಿ ಮಾರಾಯ್ತಿ, ಮನಸ್ಸು ಮಾಡಿದಳಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಫೋನಿನಲ್ಲಿ ಮಾಡಬಹುದಲ್ಲ ಎಂದು ಯಾರೋ ಅಂದರು. "ಫೋನ್ ಕೊಟ್ರ ಆಟ ಆಡ್ಕೋತ ಕುಂದರ್ತಾವ, ನನ್ನ ಕ್ಲಾಸಿನ್ಯಾಗ ಫೋನ್ ಬ್ಯಾಡ" ಎಂದು ಅಕ್ಕೋರು ಆ ಮಾತನ್ನು ಅಲ್ಲಿಗೇ ಮುಗಿಸಿದರು.

ನಮ್ಮ ಪುಣ್ಯಕ್ಕೆ ಅದೇ ಹೊತ್ತಿಗೆ ಯಾವುದೋ ಕಂಪನಿ ತನ್ನ ಹಳೆಯ ಲ್ಯಾಪ್‌ಟಾಪುಗಳನ್ನು ಒಳಗಿದ್ದದ್ದನ್ನೆಲ್ಲ ಅಳಿಸಿ ಸಮುದಾಯ ಭವನಕ್ಕೆ ದಾನ ಮಾಡಿತ್ತು. ಎಂಟು ಇದ್ದವು. ಅವನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರು ಭವನದ ಮೇಲ್ವಿಚಾರಕರು. ಬಾಗಿಲ ಚೌಕಟ್ಟಿನಷ್ಟು ಎತ್ತರದ ಡಚ್ ಮನುಷ್ಯ, ಮಾತು ಕಡಿಮೆ, ಕಾಫಿ ಹೆಚ್ಚು. ಹಿಂದೊಮ್ಮೆ ಯಾರದೋ ಕಂಪ್ಯೂಟರಿನಿಂದ ವೈರಸ್ ಬಂದು ಭವನದ ನೆಟ್‌ವರ್ಕೆಲ್ಲ ಕೆಟ್ಟು, ಅದಕ್ಕೇ ಜೋಡಿಸಿದ್ದ ಕಾಫಿ ಯಂತ್ರವೂ ನಿಂತುಹೋಗಿತ್ತಂತೆ. ಆ ಗಾಯ ಅವರಿಗೆ ಮಾಸಿರಲಿಲ್ಲ. ಎಂಟಕ್ಕೂ ಯಾವ ಆಪರೇಟಿಂಗ್ ಸಿಸ್ಟಂ ಹಾಕುತ್ತೀರಿ, ಯಾವುದು ಹೆಚ್ಚು ಸುರಕ್ಷಿತ, ರಜೆಗೆ ಮುಂಚಿನ ಕೊನೆಯ ಭಾನುವಾರ ಹನ್ನೆರಡಕ್ಕೆ ಬಂದು ನೋಡುತ್ತೇನೆ, ಒಪ್ಪಿಗೆಯಾದರೆ ನಿಮ್ಮವು, ಇಲ್ಲದಿದ್ದರೆ ಸರದಿಯಲ್ಲಿ ಮುಂದಿರುವವರಿಗೆ ಎಂದರು. ಮುಂದಿದ್ದದ್ದು ಮಂಗಳವಾರ ಸೇರುವ ಹಿರಿಯರ ಇಸ್ಪೀಟು ಸಂಘ.

"ಇಸ್ಪೀಟ್ ಆಡೋರಿಗೆ ಹೋಗ್ತಾವ?" ಅಕ್ಕೋರು ಎದೆಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ನನ್ನ ಕಡೆ, ನನ್ನ ಪಕ್ಕ ಕೂತಿದ್ದವರ ಕಡೆ ನೋಡಿ, "ನೀವಿಬ್ಬರೂ ಕಂಪ್ಯೂಟರಿನವರ. ಕೂಡಿ ಮುಗಿಸ್ರಿ" ಎಂದರು.

ಕೂಡಿ! ಪಕ್ಕದಲ್ಲಿ ಕೂತಿದ್ದವರು ಮೈಸೂರಿನವರು. ನಮ್ಮ ಹಿಂದಿನ ಬೀದಿಯಲ್ಲಿ ಮನೆ. ದೂರದ ಜೂಟರ್‌ಮೀರ್ ಪಟ್ಟಣದ ಒಂದು ಆಫೀಸಿನ ವಿಂಡೋಸ್ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವರು. ಅವರ ಮಗನೂ ಅದೇ ಕ್ಲಾಸು. ಮಕ್ಕಳೆಲ್ಲ ಅವರನ್ನು ಮೈಸೂರು ಮಾಮ ಎನ್ನುತ್ತಿದ್ದವು. ಮೆತ್ತಗಿನ ಮಾತು, ಮಾತಿಗೊಂದು ನಗು. ನನಗೆ ಸಿಟ್ಟು ಬರಿಸುತ್ತಿದ್ದದ್ದೇ ಆ ಮೆತ್ತಗಿನ ಮಾತು.

"ಲಿನಕ್ಸ್ ಒಳ್ಳೇದೇ ಕಣ್ರೀ," ಎಂದರು ಫ್ಲಾಸ್ಕಿನಿಂದ ಎಲ್ಲರಿಗೂ ಚಹಾ ಬಗ್ಗಿಸುತ್ತ. "ಆದ್ರೆ ಪಾಪ, ಮಕ್ಕಳಿಗೆ ಯಾಕೆ ಅದೆಲ್ಲ? ವಿಂಡೋಸ್ ಹಾಕ್ಬಿಡೋಣ, ನಾನು ಚೆನ್ನಾಗಿ ಬಂದೋಬಸ್ತ್ ಮಾಡಿ ಕೊಡ್ತೀನಿ."

"ಪಾಪ ಯಾಕ್ರಿ? ಮಕ್ಕಳಿಗೇನೂ ತ್ರಾಸಿಲ್ಲ, ತ್ರಾಸು ನಿಮಗ."

"ನೋಡಿ, ಆಗ್ಲೇ ಕೋಪ ಮಾಡ್ಕೊಂಡ್ರಿ."

ಅಷ್ಟೇ. ಅವತ್ತಿನಿಂದ ಒಂದು ತಿಂಗಳು ಯುದ್ಧ. ಮೇಲ್ವಿಚಾರಕರಿಗೆ ನಾನೊಂದು ಈಮೇಲ್, ಅವರೊಂದು ಈಮೇಲ್. ಹೋದ ವರ್ಷ ವಿಂಡೋಸಿಗೆ ಬಂದ ಭದ್ರತಾ ದುರಸ್ತಿಗಳನ್ನೆಲ್ಲ ಗುಡ್ಡೆ ಹಾಕಿ, ನೋಡಿ ಎಷ್ಟು ತೂತು ಎಂದು ನಾನು ಬರೆದೆ. ಲಿನಕ್ಸಿಗೆ ಬಂದ ದುರಸ್ತಿಗಳನ್ನು ಗುಡ್ಡೆ ಹಾಕಿ ಅವರು ಅದನ್ನೇ ಬರೆದರು. ಅದರಲ್ಲಿ ಲಿನಕ್ಸ್ ಜೊತೆ ಪುಕ್ಕಟೆ ಸಿಗುವ ಹಾಡು ಕೇಳುವ ತಂತ್ರಾಂಶ, ಗಣಿತದ ಆಟ, ಗಡಿಯಾರ, ಎಲ್ಲದರ ದುರಸ್ತಿಗಳನ್ನೂ ಸೇರಿಸಿದ್ದರು! ನಾನು ಉರಿದುಬಿದ್ದೆ. ನಮ್ಮಲ್ಲಿ ದುರಸ್ತಿ ಹೆಚ್ಚು ಬರುವುದು ಎಚ್ಚರ ಹೆಚ್ಚಿರುವುದಕ್ಕೆ ಎಂದು ಉತ್ತರ ಬರೆದೆ. ನಮ್ಮಲ್ಲೂ ಅಷ್ಟೇ ಎಂದು ಅವರು ಬರೆದರು. ಮೇಲ್ವಿಚಾರಕರು ಯಾವುದಕ್ಕೂ ಉತ್ತರಿಸಲಿಲ್ಲ. ಹನ್ನೆರಡಕ್ಕೆ ಬರುತ್ತೇನೆ ಎಂದು ಒಂದೇ ಒಂದು ಸಾಲು ಇಬ್ಬರಿಗೂ ಕಳಿಸಿದರು.

ಆಫೀಸು ಮುಗಿಸಿ ಬಂದವಳು ನಾನು ಊಟದ ಮೇಜಿನ ಮೇಲೆ ಮನೆಯ ಎರಡು ಹಳೆಯ ಲ್ಯಾಪ್‌ಟಾಪ್ ಹರಡಿ ಕೂರುತ್ತಿದ್ದೆ. ಒಂದರಲ್ಲಿ ನನ್ನ ಲಿನಕ್ಸ್. ಬೇಡದ ಬಾಗಿಲುಗಳನ್ನೆಲ್ಲ ಮುಚ್ಚಿ, ಬೇಡದ ತಂತ್ರಾಂಶಗಳನ್ನೆಲ್ಲ ಕಿತ್ತು, ಬೀಗದ ಮೇಲೆ ಬೀಗ ಜಡಿದದ್ದು. ಇನ್ನೊಂದರಲ್ಲಿ ವಿಂಡೋಸ್, ಹಾಕಿದ್ದು ಹಾಕಿದಂತೆಯೇ, ಏನೂ ಬಿಗಿ ಮಾಡದೆ. ಎರಡರ ಮೇಲೂ ಒಂದೇ ದಾಳಿ ಮಾಡಿ, ನೋಡು ನನ್ನದು ಹೇಗೆ ನಿಂತಿದೆ ಎಂದು ಗಂಡನನ್ನು ಕರೆದೆ. ಅವನು ಯಂತ್ರಗಳ ಎಂಜಿನಿಯರು, ಈ ಜಗಳದಲ್ಲಿ ಯಾವ ಪಕ್ಷದವನೂ ಅಲ್ಲ. ಒಲೆಯ ಮುಂದೆ ನಿಂತಲ್ಲಿಂದಲೇ ನೋಡಿದ.

"ನೀ ಹಂಚಿನ ಮ್ಯಾಲಿನ ಬಿಸಿ ರೊಟ್ಟಿ ತಗೊಂಡು ಅವರ ಮೊನ್ನಿ ದ್ವಾಸಿ ಜೋಡಿ ಹೋಲಸಾಕತ್ತಿ," ಎಂದ. "ಅವರ ಮನ್ಯಾಗ ಅವರು ಈಗ ಬಿಸಿ ದ್ವಾಸಿ, ನಿನ್ನ ಮೊನ್ನಿ ರೊಟ್ಟಿ ಇಟ್ಕೊಂಡು ಕುಂತಿರ್ತಾರ."

"ನೀ ಪಲ್ಯ ನೋಡು, ತಳ ಹತ್ತೈತಿ," ಎಂದೆ.

ಅವನ ಮಾತು ನಿಜವೇ ಆಗಿತ್ತೆಂದು ಆಮೇಲೆ ತಿಳಿಯಿತು. ಮೈಸೂರಿನವರ ಹೆಂಡತಿ ಹೇಳಿದ ಪ್ರಕಾರ ಅವರ ಊಟದ ಮೇಜೂ ಹಾಗೇ ಇತ್ತು. ಒಂದು ಕಡೆ ಅವರು ಮುದ್ದಿನಿಂದ ಬಂದೋಬಸ್ತ್ ಮಾಡಿದ ವಿಂಡೋಸ್, ಇನ್ನೊಂದು ಕಡೆ ಬೋಳು ಲಿನಕ್ಸ್. ಅವರು ಲಿನಕ್ಸಿನ ಹುಳುಕು ಹುಡುಕಲು ರಾತ್ರಿ ಊಟ ಮರೆತು ಓದುತ್ತಿದ್ದರಂತೆ. ನಾನೂ ಅದನ್ನೇ ಮಾಡುತ್ತಿದ್ದೆ. ವಿಂಡೋಸಿನ ಒಂದೊಂದು ಬೀಗ ಎಲ್ಲಿದೆ, ಯಾವುದು ಯಾವುದನ್ನು ತಡೆಯುತ್ತದೆ ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ನನ್ನ ನೌಕರಿಗಾಗಿಯೂ ನಾನು ಇಷ್ಟು ಓದಿರಲಿಲ್ಲ.

ಆ ಭಾನುವಾರ ಬಂತು. ನಾನು ಡಬ್ಬಿ ತುಂಬ ಒಗ್ಗರಣೆ ಚುರುಮುರಿ ಮಾಡಿಕೊಂಡು ಹೋಗಿದ್ದೆ, ಗೆದ್ದ ಮೇಲೆ ಹಂಚಲು. ಅವರು ಕೊಬ್ಬರಿ ಮಿಠಾಯಿ ತಂದಿದ್ದರು, ಅವರೂ ಅದಕ್ಕೇ ಇರಬೇಕು. ಮಕ್ಕಳು, ಅಪ್ಪ ಅಮ್ಮಂದಿರು ಎಲ್ಲ ಸುತ್ತ ನಿಂತಿದ್ದರು. ಮೇಜಿನ ಮೇಲೆ ಎರಡು ಲ್ಯಾಪ್‌ಟಾಪು, ಒಂದು ನನ್ನದು, ಒಂದು ಅವರದು. ಅಕ್ಕೋರು ಇಳಕಲ್ ಸೀರೆ ಉಟ್ಟು, ಅದರ ಮೇಲೆ ದಪ್ಪ ಜಾಕೆಟ್ ಹಾಕಿ ಮಧ್ಯದ ಕುರ್ಚಿಯಲ್ಲಿ ಕೂತಿದ್ದರು. ಜೂನ್ ತಿಂಗಳಾದರೂ ಅವರಿಗೆ ಈ ದೇಶದ ಮೇಲೆ ನಂಬಿಕೆಯಿರಲಿಲ್ಲ.

ಮೊದಲು ನಾನು ಅವರ ಯಂತ್ರಕ್ಕೆ ನನ್ನ ಪೆನ್‌ಡ್ರೈವ್ ಚುಚ್ಚಿದೆ. ಒಳಗೆ ಬಿಡಲಿಲ್ಲ. ಅವರು ನನ್ನದಕ್ಕೆ ಚುಚ್ಚಿದರು. ಅದೂ ಬಿಡಲಿಲ್ಲ. ಏನೋ ಒಂದು ತಂತ್ರಾಂಶ ಇಳಿಸಲು ನೋಡಿದೆ, ಆಗಲಿಲ್ಲ. ಅವರೂ ನೋಡಿದರು, ಆಗಲಿಲ್ಲ. ಮಕ್ಕಳು ಪ್ರತಿ ಸಲವೂ ಹೋ ಎಂದು ಚಪ್ಪಾಳೆ ಹೊಡೆದವು. "ಗಟ್ಟಿ ಮಾಡಿದೀರಿ ಕಣ್ರೀ," ಎಂದರು ಮೈಸೂರಿನವರು, ಸ್ವಲ್ಪ ಸಪ್ಪೆ ಮುಖ ಮಾಡಿ. ನನಗೆ ಒಳಗೊಳಗೇ ಖುಷಿಯಾಯಿತು.

"ಭಾಳ ಚಲೋ ಆತು," ಎಂದು ಅಕ್ಕೋರು ಕುರ್ಚಿಯನ್ನು ನನ್ನ ಲ್ಯಾಪ್‌ಟಾಪಿನ ಮುಂದೆ ಎಳೆದುಕೊಂಡರು. "ಎಲ್ಲಿ, ನನಗ ಕನ್ನಡದಾಗ ಎರಡು ಸಾಲು ಬರಿಯಾಕ ತಗದು ಕೊಡು."

ನಾನು ಕನ್ನಡದ ಕೀಲಿಮಣೆ ಹುಡುಕಿದೆ. ಸಿಕ್ಕಿತು. ಅಕ್ಕೋರು ಒಂದೇ ಬೆರಳಿನಿಂದ ಅ ಒತ್ತಿದರು. ಪರದೆಯ ಮೇಲೆ ಒಂದು ಖಾಲಿ ಚೌಕ ಬಂತು. ಆ ಒತ್ತಿದರು, ಇನ್ನೊಂದು ಚೌಕ. ಇ, ಈ, ಉ, ಸಾಲಾಗಿ ಚೌಕಗಳು, ಅಂಗಡಿಯಲ್ಲಿ ಜೋಡಿಸಿದ ಖಾಲಿ ಡಬ್ಬಿಗಳ ಹಾಗೆ.

ಏನಾಗಿದೆಯೆಂದು ನನಗೆ ತಟ್ಟನೆ ಹೊಳೆಯಿತು. ಕಂಪ್ಯೂಟರನ್ನು ಗಟ್ಟಿ ಮಾಡುವಾಗ ನಮ್ಮ ಕಸುಬಿನಲ್ಲಿ ಮೊದಲ ಹೆಜ್ಜೆ ಒಂದೇ. ಬೇಡದ್ದನ್ನೆಲ್ಲ ತೆಗೆ, ಒಳಗೆ ಸಾಮಾನು ಕಡಿಮೆಯಾದಷ್ಟೂ ಕಳ್ಳನಿಗೆ ಅಡಗಲು ಜಾಗ ಕಡಿಮೆ. ಆಫೀಸಿನಲ್ಲಿ ಪ್ರತಿ ಸಲ ಮಾಡುವ ಹಾಗೆಯೇ, ಇಂಗ್ಲಿಷ್ ಮತ್ತು ಡಚ್ ಬಿಟ್ಟು ಉಳಿದ ಎಲ್ಲ ಭಾಷೆಗಳ ಅಕ್ಷರಗಳನ್ನು, ಅಂದರೆ ಫಾಂಟುಗಳನ್ನು, ನಾನು ಒಂದೇ ಏಟಿಗೆ ಕಿತ್ತುಹಾಕಿದ್ದೆ. ಕೈ ತಾನಾಗಿಯೇ ಮಾಡಿತ್ತು. ಮೈಕಿನಿಂದ ಯಾರಾದರೂ ಕದ್ದು ಕೇಳಿಯಾರೆಂದು ಮೈಕನ್ನೂ ಬಂದ್ ಮಾಡಿದ್ದೆ.

"ಇದೇನಿದು?" ಎಂದರು ಅಕ್ಕೋರು.

"ಬ್ಯಾಡಾದ್ದನ್ನೆಲ್ಲ ತಗದೇನ್ರಿ ಅಕ್ಕೋರ... ಅದರ ಜೋಡಿ ಅಕ್ಷರಾನೂ..."

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಬ್ಯಾಡಂತ ಕನ್ನಡ ತಗದ್ಯೇನವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಮೆಲ್ಲಗೆ ಕೇಳಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೈಸೂರಿನವರು ಗೆಲುವಿನ ನಗೆ ನಗುತ್ತಾರೆಂದು ತಿರುಗಿ ನೋಡಿದರೆ ಅವರ ಮುಖ ಬಿಳಿಚಿಕೊಂಡಿತ್ತು. ಅವರು ಆಗಲೇ ತಮ್ಮ ಯಂತ್ರದಲ್ಲಿ ಕನ್ನಡ ಕೀಲಿಮಣೆ ಸೇರಿಸಲು ಹೆಣಗುತ್ತಿದ್ದರು. ಭಾಷೆ ಬದಲಿಸುವ ಪುಟವನ್ನೇ ಅವರು ಬೀಗ ಹಾಕಿ ಮುಚ್ಚಿದ್ದರು. ಮೈಕಿಗೂ ಬೀಗ. ಹುಬ್ಬಳ್ಳಿಯವಳೂ ಮೈಸೂರಿನವರೂ ಒಂದು ತಿಂಗಳು ಕಾದಾಡಿ, ಕನ್ನಡ ಕ್ಲಾಸಿಗಾಗಿ, ಕನ್ನಡ ಬಾರದ, ಕಿವಿಯೂ ಕೇಳದ ಎರಡು ಕಂಪ್ಯೂಟರುಗಳನ್ನು ತಯಾರು ಮಾಡಿದ್ದೆವು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಈ ದೇಶದಲ್ಲಿ ಹನ್ನೆರಡು ಎಂದರೆ ಹನ್ನೆರಡು.

ಮಗಳು ನನ್ನ ಪಕ್ಕ ಬಂದು ನಿಂತಳು. ಮೈಕ್ ಇಲ್ಲವಾ ಎಂದು ಡಚ್‌ನಲ್ಲಿ ಕೇಳಿದಳು. ಐತಿ, ತಡಿ ಎಂದೆ. ಅವಳ ಮುಖ ನೋಡಲು ಧೈರ್ಯವಾಗಲಿಲ್ಲ. ಕಿತ್ತ ಅಕ್ಷರಗಳನ್ನು ಇಂಟರ್‌ನೆಟ್ಟಿನಿಂದ ಮರಳಿ ಇಳಿಸಲು ಹೋದರೆ ಅದೂ ಆಗಲಿಲ್ಲ.

ಮೈಸೂರಿನವರು ತಮ್ಮ ಬೀಗಗಳಲ್ಲೇ ಸಿಕ್ಕಿಹಾಕಿಕೊಂಡಿದ್ದರು. "ಯಾವ್ದು ತಡೀತಾ ಇದೆ ಅಂತ್ಲೇ ಗೊತ್ತಾಗ್ತಿಲ್ಲ," ಎಂದು ಹಣೆ ಒರೆಸಿಕೊಂಡರು. "ಅಷ್ಟೊಂದು ಹಾಕ್ಬಿಟ್ಟಿದೀನಿ!"

"ಅದಲ್ರಿ, ಅದರ ಕೆಳಗಿಂದು," ಎಂದೆ, ನನಗೇ ತಿಳಿಯದಂತೆ. ಅವರ ಮರ್ಯಾದೆ ತೆಗೆಯಲೆಂದೇ ನಾನು ಅದನ್ನೆಲ್ಲ ಬಾಯಿಪಾಠ ಮಾಡಿದ್ದೆನಲ್ಲ. "ಅಲ್ಲಿ ತಗದ್ರ ಕೀಲಿಮಣಿ ಒಂದ ಬಿಡ್ತೈತಿ, ಉಳಿದದ್ದು ಹಂಗ ಇರ್ತೈತಿ."

ಅವರು ನನ್ನನ್ನು ನೋಡಿದರು. ನನ್ನ ಪರದೆ ನೋಡಿದರು. "ನೀವು ಇಂಟರ್‌ನೆಟ್‌ಗೆ ಹೋಗೋಕೆ ಆಗ್ತಿಲ್ಲ ಅಲ್ವಾ? ನಿಮ್ಮ ಫೈರ್‌ವಾಲಲ್ಲಿ ಹೊರಗಡೆ ಹೋಗೋದನ್ನೂ ತಡೆದಿದೀರಿ. ನನಗೆ ಗೊತ್ತು ಅದೆಲ್ಲಿರುತ್ತೆ ಅಂತ."

"ನಿಮಗ ಹ್ಯಾಂಗ ಗೊತ್ತು?"

"ನಿಮಗೆ ಹೇಗೆ ಗೊತ್ತೋ ಹಾಗೇ."

"ಏಳ್ರಿ," ಎಂದೆ.

ಕುರ್ಚಿ ಬದಲಾಯಿಸಿಕೊಂಡೆವು. ಲಿನಕ್ಸಿನ ಮುಂದೆ ಅವರು, ವಿಂಡೋಸಿನ ಮುಂದೆ ನಾನು. ನನ್ನ ಇಷ್ಟು ವರ್ಷಗಳ ಬಾಳಿನಲ್ಲಿ ಜನರ ಎದುರಿಗೆ ವಿಂಡೋಸನ್ನು ಕೆಡವಲಲ್ಲ, ಸರಿಪಡಿಸಲು ಮುಟ್ಟಿದ್ದು ಅದೇ ಮೊದಲು. ಅವರ ಹೆಂಡತಿ ತಮ್ಮ ಫೋನಿನ ಇಂಟರ್‌ನೆಟ್ಟನ್ನು ಇಬ್ಬರಿಗೂ ಕೊಟ್ಟರು. ಅಕ್ಕೋರು ಚುರುಮುರಿ ಡಬ್ಬಿ ತೆರೆದು ಮಕ್ಕಳ ಗದ್ದಲ ಅಡಗಿಸಿದರು. ನಾನು ಒಂದೊಂದೇ ಬೀಗ ಬಿಚ್ಚುತ್ತ ಹೋದ ಹಾಗೆ ಅವರ ಕೆಲಸ ಕಣ್ಣಿಗೆ ಕಾಣತೊಡಗಿತು. ಎಷ್ಟು ಅಚ್ಚುಕಟ್ಟು! ಮಕ್ಕಳಿಗೊಂದು ಬೇರೆ ಖಾತೆ, ಅದರಿಂದ ಏನನ್ನೂ ಕೆಡಿಸಲಾಗದು. ಪ್ರತಿ ಬೀಗಕ್ಕೂ ಯಾಕೆ ಹಾಕಿದ್ದೇನೆಂದು ಒಂದು ಸಾಲಿನ ಟಿಪ್ಪಣಿ. ನಾನು ಎಂದೂ ಹಾಗೆ ಬರೆದಿಡುವವಳಲ್ಲ. ಇತ್ತ ಅವರು ನನ್ನ ಯಂತ್ರದೊಳಗೆ ತಲೆ ಹಾಕಿ, "ಅಬ್ಬಾ, ಆಫ್ ಮಾಡಿ ಆನ್ ಮಾಡಿದ್ರೆ ಮಕ್ಕಳು ಮಾಡಿದ ಅವಾಂತರ ಎಲ್ಲ ತಾನೇ ಅಳಿಸಿಹೋಗತ್ತೆ! ಎಷ್ಟು ಚೆನ್ನಾಗಿ ಮಾಡಿದೀರ್ರೀ!" ಎಂದು ತಮ್ಮಷ್ಟಕ್ಕೆ ತಾವೇ ಅನ್ನುತ್ತಿದ್ದರು. ಹೊಗಳಿಕೆಗೆ ನಾನು ಕರಗುವವಳಲ್ಲ. ಅವತ್ತು ಕರಗಿದೆ.

ಅಕ್ಷರ ಬಂದವು. ಎರಡರಲ್ಲೂ ಅ ದುಂಡಗೆ ಮೂಡಿತು. ಬೇರೆ ಬಾಗಿಲೊಂದನ್ನೂ ತೆರೆಯದೆ, ರೆಕಾರ್ಡ್ ಮಾಡುವ ತಂತ್ರಾಂಶಕ್ಕೆ ಮಾತ್ರ ಮೈಕ್ ಬಿಟ್ಟೆವು. ಅಕ್ಕೋರು ಎರಡರ ಮುಂದೆಯೂ ಕೂತು ತಮ್ಮ ಊರಿನ ಹೆಸರು ಬರೆದು ನೋಡಿ ತಲೆದೂಗಿದರು. ಆ ಹೊತ್ತಿಗೆ ಬಾಗಿಲಲ್ಲಿ ಮೇಲ್ವಿಚಾರಕರು, ಕೈಯಲ್ಲಿ ಕಾಫಿ ಲೋಟ. ಸರಿಯಾಗಿ ಹನ್ನೆರಡು.

ಎರಡು ಯಂತ್ರಗಳನ್ನೂ ಕೂಲಂಕಷವಾಗಿ ನೋಡಿದರು. ಪೆನ್‌ಡ್ರೈವ್ ಚುಚ್ಚಿದರು. ಏನೇನೋ ಒತ್ತಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಹಾಗಾದರೆ ಯಾವುದು ಹೆಚ್ಚು ಸುರಕ್ಷಿತ ಎಂದು ಕೇಳಿದರು.

"ಅವರದು," ಎಂದೆ ನಾನು.

"ಅವರದು," ಎಂದರು ಮೈಸೂರಿನವರು, ಅದೇ ಉಸಿರಿನಲ್ಲಿ.

ಮೇಲ್ವಿಚಾರಕರು ಕಾಫಿ ಲೋಟವನ್ನು ಕೆಳಗಿಟ್ಟರು. ಒಂದು ತಿಂಗಳಿಂದ ನಮ್ಮಿಬ್ಬರ ಈಮೇಲ್ ಓದಿದ ಮನುಷ್ಯ! ನನ್ನನ್ನು ನೋಡಿದರು, ಅವರನ್ನು ನೋಡಿದರು, ಇವರಿಗೇನಾದರೂ ಆಗಿದೆಯೇ ಎಂಬಂತೆ ಅಕ್ಕೋರನ್ನು ನೋಡಿದರು. ಅಕ್ಕೋರಿಗೆ ಡಚ್ ಬಾರದು, ಆದರೂ ಎಲ್ಲ ತಿಳಿದವರಂತೆ ಗಂಭೀರವಾಗಿ ತಲೆಯಾಡಿಸಿದರು. ಅಪ್ಪ ಅಮ್ಮಂದಿರೆಲ್ಲ ನಗು ತಡೆಯಲು ಬಾಯಿಗೆ ಕೈ ಹಿಡಿದಿದ್ದರು.

"ನನಗೆ ಯಾವುದಾದರೂ ಒಂದೇ," ಎಂದರು ಕೊನೆಗೆ ಆ ಮನುಷ್ಯ. "ಹಿಂದೆ ಕಾಫಿ ಯಂತ್ರ ಕೆಡಿಸಿದ ಆ ಕಂಪ್ಯೂಟರನ್ನು ಯಾರೂ ವರ್ಷಗಟ್ಟಲೆ ತೆರೆದು ನೋಡಿರಲಿಲ್ಲ. ರಜೆ ಕಳೆದ ಮೇಲೆ ಇವಕ್ಕೆ ಅಪ್‌ಡೇಟ್ ಹಾಕುವವರು ಯಾರು? ಅದು ಹೇಳಿ."

ನಮ್ಮಿಬ್ಬರ ಕೈಯೂ ಮೇಲೆದ್ದವು. ಶಾಲೆಯ ಮಕ್ಕಳ ಹಾಗೆ. ನಾನು ಮಾತು ಸೇರಿಸಿದೆ: ನಾಲ್ಕಕ್ಕೆ ಅವರದು, ನಾಲ್ಕಕ್ಕೆ ನನ್ನದು ಹಾಕುತ್ತೇವೆ, ಒಂದು ಬಗೆಗೆ ರೋಗ ಬಂದರೂ ಇನ್ನೊಂದರಲ್ಲಿ ಪಾಠ ನಡೆಯುತ್ತದೆ. ಮೈಸೂರಿನವರು ಮುಂದುವರಿಸಿದರು: ಇವರ ನಾಲ್ಕನ್ನು ನಾನು ಪರೀಕ್ಷೆ ಮಾಡುತ್ತೇನೆ, ನನ್ನ ನಾಲ್ಕನ್ನು ಇವರು. ಮೇಲ್ವಿಚಾರಕರು ಸ್ವಲ್ಪ ಯೋಚಿಸಿ, ಜೇಬಿನಿಂದ ಆ ಎಂಟು ಲ್ಯಾಪ್‌ಟಾಪುಗಳಿದ್ದ ಬೀರುವಿನ ಕೀಲಿ ತೆಗೆದು ಅಕ್ಕೋರ ಅಂಗೈ ಮೇಲಿಟ್ಟರು. ಅಕ್ಕೋರು ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. ಆ ಎತ್ತರದ ಮನುಷ್ಯನ ಬೊಗಸೆಗೆ ಚುರುಮುರಿ ಹಾಕಿದರೆ ಒಂದೊಂದೇ ಕಾಳು ಹೆಕ್ಕಿ ತಿಂದ, ಮೆಣಸಿನಕಾಯಿ ಸಿಕ್ಕಾಗ ಕೆಂಪಗಾದ, ಆದರೂ ಇನ್ನೊಮ್ಮೆ ಬೊಗಸೆ ಒಡ್ಡಿದ.

ಇನ್ನು ರೇಡಿಯೋ. ಮೈಕಿನ ಮುಂದೆ ಮೊದಲು ಕೂತವಳು ನನ್ನ ಮಗಳೇ. ಒಂದು ಕಡೆ ನನ್ನನ್ನು, ಇನ್ನೊಂದು ಕಡೆ ಮೈಸೂರಿನವರನ್ನು ಕೂರಿಸಿಕೊಂಡಳು. ಅಕ್ಕೋರು ಹೇಳಿಕೊಟ್ಟು ಬರೆಸಿದ್ದನ್ನು ತಡೆತಡೆದು ಓದಿದಳು. "ಅಜ್ಜಿಗೆ ನಮಸ್ಕಾರ. ಇದು ಬೆಸ್ಟ್ ಮಕ್ಕಳ ರೇಡಿಯೋ. ಇವತ್ತು ನಮಗೆ ಎಂಟು ಕಂಪ್ಯೂಟರ್ ಬಂದವು." ಒಂದೊಂದು ಪದದ ನಡುವೆ ಒಂದೊಂದು ಮೈಲಿ ಅಂತರ. ಕೊನೆಯ ಸಾಲು ಪ್ರಶ್ನೆಯಾಗಿತ್ತು. "ಯಾವ ಕಂಪ್ಯೂಟರ್ ಹೆಚ್ಚು ಸುರಕ್ಷಿತ?"

"ಲಿನಕ್ಸ್!" ಎಂದೆ.

"ವಿಂಡೋಸ್!" ಎಂದರು ಮೈಸೂರಿನವರು.

"ಅಲ್ರೀ, ಈಗರ ನನ್ನದ ಚಲೋ ಅಂದ್ರಿ!"

"ನೀವೂ ನಂದೇ ಅಂದ್ರಲ್ಲ! ಅದು ಮರ್ಯಾದೆಗೆ ಹೇಳಿದ್ದು ಕಣ್ರೀ."

"ಮರ್ಯಾದಿಗೆ? ಹಂಗಾದ್ರ ನಾನೂ ಮರ್ಯಾದಿಗೇ..."

"ಅವ್ವಾ!"

ಮೇಜಿನ ಮೇಲೆ ಪುಟ್ಟ ಕೈ ಬಡಿದ ಸದ್ದು. "ಅವ್ವಾ, ಸುಮ್ನ ಕುಂದರ! ಮಾಮಾ, ನೀವೂ ಸುಮ್ನ ಕುಂದರ್ರಿ! ರೆಕಾರ್ಡ್ ಆಗಾಕತ್ತೈತಿ, ಅಲ್ಲಿ ಅಜ್ಜಿ ಕೇಳ್ತಾಳ!"

ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ತಡವರಿಕೆಯಿಲ್ಲ, ನಡುವೆ ಒಂದು ಡಚ್ ಪದವಿಲ್ಲ, ಮಾಮನಿಗೆ ಬಹುವಚನ ಹಚ್ಚುವುದನ್ನೂ ಮರೆತಿಲ್ಲ. ದನಿ, ಕೈ ಬಡಿದ ರೀತಿ, ಎಲ್ಲ ಥೇಟ್ ನಮ್ಮ ಅವ್ವನದು. ಅಷ್ಟು ವರ್ಷ ಅವಳ ಹೊಟ್ಟೆಯಲ್ಲಿ ಕೂತಿದ್ದ ಕನ್ನಡ ನನಗೆ ಬೈಯಲೆಂದೇ ಹೊರಗೆ ಬಂದಿತ್ತು. ನಾನು ಸುಮ್ಮನೆ ಕೂತೆ. ಯಾರಾದರೂ ಹೇಳಿದ್ದಕ್ಕೆ ನಾನು ಸುಮ್ಮನೆ ಕೂತದ್ದು ಅದೇ ಮೊದಲಿರಬೇಕು. ಖುಷಿಗೆ ಅಳು ಬಂದು, ಅಕ್ಕೋರ ಜಾಕೆಟ್ಟಿನ ತೋಳಿಗೆ ಮುಖ ಒರೆಸಿಕೊಂಡೆ.

ರೆಕಾರ್ಡಿಂಗನ್ನು ಅಲ್ಲಿಂದಲೇ ಹುಬ್ಬಳ್ಳಿಗೆ ಕಳಿಸಿದೆ. ಸೈಕಲ್ ತುಳಿಯುತ್ತ ಮನೆಗೆ ಬರುವಾಗ ಕಾಲುವೆಯ ಸೇತುವೆ ದಾಟುವ ಮೊದಲೇ ಫೋನ್ ಬಂತು. ನಾನೂ ಮಗಳೂ ಸೈಕಲ್ ನಿಲ್ಲಿಸಿದೆವು.

"ಕೇಳಿದೆ, ಕೇಳಿದೆ!" ಎಂದು ಅವ್ವ ಕೂಗಿದಳು. "ಮೊದಲ ಓದಿದ್ದು ನಮ್ಮ ಕೂಸು, ಗೊತ್ತಾತು. ಆಮ್ಯಾಲೆ ನಿನಗ ಬೈದಾಕಿ ಯಾರ? ಭಾಳ ಚಲೋ ಬೈದಳ ನೋಡು. ಅಕ್ಕೋರೇನ?"

ಉತ್ತರ ಹೇಳಲು ಬಾಯಿ ತೆರೆದೆ. ಮಗಳು ಕೈ ಚಾಚಿ ನನ್ನಿಂದ ಫೋನ್ ಕಸಿದುಕೊಂಡಳು.

"ಅಜ್ಜಿ," ಎಂದಳು. "ಅದು ನಾನ."

ಈ ಸಲ ನಾನು ಅನುವಾದ ಮಾಡಬೇಕಾಗಲಿಲ್ಲ.